ಮೂಟೆ ಹೊತ್ತವನು ಬಂದರಿಗೆ ಶಾಲೆ ಕೊಟ್ಟ!

ಬೆನ್ನ ಮೇಲೆ ಕಲ್ಲಿದ್ದಲ ಮೂಟೆ, ಮೈಯೆಲ್ಲ ಮಸಿ. ಕಾಲ ಕೆಳಗೆ ಹಡಗಿನಿಂದ ದಡಕ್ಕೆ ಹಾಸಿದ ಓಲಾಡುವ ಹಲಗೆ. ಹೆಜ್ಜೆ ತಪ್ಪಿದರೆ ನೀರುಪಾಲು! ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಲಾ ಬೋಕಾ ಬಂದರಿನಲ್ಲಿ ಹೀಗೆ ಹಮಾಲಿ ಮಾಡುತ್ತಿದ್ದ ಹುಡುಗನೇ ಮುಂದೆ ಹೆಸರಾಂತ ಚಿತ್ರಕಾರನಾದ ಬೆನಿಟೊ ಕಿಂಕೆಲಾ ಮಾರ್ಟಿನ್.

ಹೆತ್ತವರು ಯಾರೋ ಗೊತ್ತಿಲ್ಲ. 1890ರ ಮಾರ್ಚ್‌ನಲ್ಲಿ ಅನಾಥಾಶ್ರಮದ ಬಾಗಿಲಲ್ಲಿ ಬಿಟ್ಟುಹೋದ ಕೂಸು. ಜೊತೆಗಿದ್ದದ್ದು ಹೆಸರು ಬರೆದ ಒಂದು ಚೀಟಿ. ಏಳರ ಆಸುಪಾಸಿನಲ್ಲಿ ಲಾ ಬೋಕಾದ ಇದ್ದಿಲಂಗಡಿಯ ದಂಪತಿ ಮನೆಗೆ ಕರೆತಂದು ಮಗನೆಂದರು. ಬಡ ಸಂಸಾರ. ಓದು ಅರ್ಧಕ್ಕೇ ನಿಂತಿತು. ಮೊದಲು ಅಂಗಡಿ ಕೆಲಸ, ಆಮೇಲೆ ಬಂದರಿನ ಕೂಲಿ. ಹಗಲೆಲ್ಲ ಮೂಟೆ, ರಾತ್ರಿ ಆಲ್ಫ್ರೆಡೊ ಲಜ್ಜಾರಿ ಎಂಬ ಗುರುವಿನ ಬಳಿ ಚಿತ್ರದ ಪಾಠ. ಗೀಚೋದಕ್ಕೆ ಇದ್ದಿಲಿಗೇನು ಬರ?

ಬರೆದದ್ದಾದರೂ ಏನು? ತಾನು ಕಂಡುಂಡದ್ದನ್ನೇ. ಹೊಗೆಯುಗುಳುವ ಹಡಗು, ದೋಣಿ, ಹಲಗೆ ಮೇಲೆ ಸಾಲುಗಟ್ಟಿ ಬಾಗಿ ನಡೆವ ಕೂಲಿಗಳು. ಗಾರೆಯವನ ಕರಣೆಯಂಥ ಪುಟ್ಟ ಅಲಗಿನಿಂದ ಬಣ್ಣವನ್ನು ದಪ್ಪಗೆ ಮೆತ್ತುತ್ತಿದ್ದ. 1918ರಲ್ಲಿ ಊರಲ್ಲೇ ಮೊದಲ ಸ್ವಂತ ಪ್ರದರ್ಶನ. ಆಮೇಲೆ 1923ರಲ್ಲಿ ಮ್ಯಾಡ್ರಿಡ್, 1926ರಲ್ಲಿ ಪ್ಯಾರಿಸ್, 1928ರಲ್ಲಿ ನ್ಯೂಯಾರ್ಕ್, 1930ರಲ್ಲಿ ಲಂಡನ್. ಯಾರೂ ತಿರುಗಿ ನೋಡದ ಹಮಾಲಿಯನ್ನು ಕೋಟು ಬೂಟಿನ ಮಂದಿ ಕಾಸು ಕೊಟ್ಟು ಗೋಡೆಗೆ ತೂಗುಹಾಕಿಕೊಂಡರು.

ಕಾಸೇನೋ ಬಂತು. ಆದರೆ ಅದು ಯಾರ ಬೆವರಿನ ಕಾಸು? ಚಿತ್ರದಲ್ಲಿದ್ದ ಹಮಾಲಿಗಳು ಇನ್ನೂ ಮೂಟೆ ಹೊರುತ್ತಲೇ ಇದ್ದರು. ದೊಡ್ಡ ಬಡಾವಣೆಯಲ್ಲಿ ಬಂಗಲೆ ಕಟ್ಟಬಹುದಿತ್ತು. ಈತ ಹಾಗೆ ಮಾಡಲಿಲ್ಲ. 1933ರಲ್ಲಿ ಬಂದರಿನೆದುರೇ ಜಾಗ ಕೊಂಡು ಸರ್ಕಾರಕ್ಕೆ ದಾನ ಕೊಟ್ಟ. ಷರತ್ತು ಒಂದೇ: ಕೂಲಿಗಳ ಮಕ್ಕಳಿಗೆ ಶಾಲೆ ಆಗಬೇಕು, ಚಿತ್ರಶಾಲೆಯೂ ಬೇಕು. 1936ರಲ್ಲಿ ಶಾಲೆ ಶುರುವಾಯ್ತು, 1938ರಲ್ಲಿ ಅದೇ ಕಟ್ಟಡದಲ್ಲಿ ಚಿತ್ರಶಾಲೆ. ತರಗತಿಗಳ ಗೋಡೆ ಮೇಲೆ ಬಂದರಿನ ಚಿತ್ರಗಳನ್ನು ಈತನೇ ಬರೆದ. ಮುಂದೆ ಕೂಸುಗಳಿಗೆ ಹಾಲಿನ ಕೇಂದ್ರ, ಮಕ್ಕಳ ಹಲ್ಲಿನ ಆಸ್ಪತ್ರೆ, 1971ರಲ್ಲಿ ನಾಟಕಶಾಲೆ. ಎಲ್ಲಕ್ಕೂ ಈತನದೇ ದಾನ.

ತನ್ನ ಶವಪೆಟ್ಟಿಗೆಗೂ ತಾನೇ ಬಣ್ಣ ಬಳಿದಿಟ್ಟಿದ್ದ! 1977ರ ಜನವರಿ 28ರಂದು ತೀರಿಕೊಂಡಾಗ ಅದರಲ್ಲೇ ಮಣ್ಣಾದ.

ಆ ದಡಕ್ಕೆ ಈಗ ಕಲ್ಲಿದ್ದಲ ಹಡಗು ಬರುವುದಿಲ್ಲ, ಮೂಟೆಯ ಸಾಲೂ ಇಲ್ಲ. ಶಾಲೆಯ ಗಂಟೆ ಮಾತ್ರ ಇನ್ನೂ ಬಾರಿಸುತ್ತಿದೆ.