ಗ್ಯಾರಿಸನ್ನರ ಎರಡು ಪತ್ರಗಳು

ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧ ಮೂವತ್ತೈದು ವರ್ಷ ಪತ್ರಿಕೆ ನಡೆಸಿದ ವಿಲಿಯಂ ಲಾಯ್ಡ್ ಗ್ಯಾರಿಸನ್ನರ ಜೀವನವನ್ನು ಓದುವಾಗ ನನ್ನಲ್ಲಿ ಭಕ್ತಿಯ ಜೊತೆಗೆ ಒಂದು ತಕರಾರೂ ಹುಟ್ಟಿತು. ಅದನ್ನೇ ವಾಚಕ ಮಿತ್ರರಲ್ಲಿ ಅರಿಕೆ ಮಾಡುತ್ತೇನೆ.

ಅವರು 1805ರಲ್ಲಿ ನ್ಯೂಬರಿಪೋರ್ಟ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಮನೆ ಬಿಟ್ಟು ಹೋದರು. ತಾಯಿ ದುಡಿದು ಸಾಕಿದಳು. ಹದಿಮೂರನೆಯ ವಯಸ್ಸಿಗೆ ಅಚ್ಚುಕೂಟ ಸೇರಿ, ಮೊಳೆ ಜೋಡಿಸುತ್ತಲೇ ವಿದ್ಯಾವಂತರಾದರು. 1831ರ ಜನವರಿ 1ರಂದು ಬಾಸ್ಟನ್ನಿನಲ್ಲಿ ‘ಲಿಬರೇಟರ್’ ಪತ್ರಿಕೆಯನ್ನು ಆರಂಭಿಸಿದರು. 1835ರಲ್ಲಿ ರೊಚ್ಚಿಗೆದ್ದ ಗುಂಪು ಅವರನ್ನು ಹಗ್ಗದಿಂದ ಬಿಗಿದು ಬೀದಿಯಲ್ಲಿ ಎಳೆದಾಡಿತು. ಆದರೂ ಲೇಖನಿ ನಿಲ್ಲಲಿಲ್ಲ.

1861ರಲ್ಲಿ ಅಂತರ್ಯುದ್ಧ ಹೊತ್ತಿತು. ಮರುವರ್ಷ ಉತ್ತರದ ಸೈನ್ಯವು ದಕ್ಷಿಣದ ಲೂಸಿಯಾನಾ ಪ್ರಾಂತದ ನ್ಯೂ ಆರ್ಲಿಯನ್ಸ್ ನಗರವನ್ನು ಹಿಡಿಯಿತು. ಅಲ್ಲಿಯ ಸೇನಾಧಿಪತಿ ಬ್ಯಾಂಕ್ಸರ ಕಟ್ಟಳೆಯಂತೆ, ಬಿಡುಗಡೆಯಾದವರೂ ವರ್ಷದ ಕರಾರಿನ ಮೇಲೆ ತೋಟಗಳಲ್ಲಿಯೇ ದುಡಿಯಬೇಕಾಯಿತು. 1864ರ ಫೆಬ್ರುವರಿಯ ಚುನಾವಣೆಯಲ್ಲಿ ಬಿಳಿಯರಷ್ಟೇ ಮತ ಹಾಕಿದರು. ಇಂಗ್ಲೆಂಡಿನ ಫ್ರಾನ್ಸಿಸ್ ನ್ಯೂಮನ್ ಎಂಬ ವಿದ್ವಾಂಸರು ಲಿಂಕನ್ನರ ಈ ನೀತಿಯನ್ನು ಆಕ್ಷೇಪಿಸಿದರು. ಅದೇ ಜುಲೈಯಲ್ಲಿ ಗ್ಯಾರಿಸನ್ನರು ಪತ್ರ ಬರೆದು ಲಿಂಕನ್ನರ ಪಕ್ಷ ವಹಿಸಿದರು. ಸಂಕೋಲೆ ಕಳಚಿದ ದಿನವೇ ಯಾವ ದೇಶದಲ್ಲಿಯೂ ಸಮಾನ ರಾಜಕೀಯ ಹಕ್ಕು ಸಿಕ್ಕಿಲ್ಲ, ಅದಕ್ಕೆ ಕಾಲ ಬೇಕು ಎಂಬುದು ಅವರ ವಾದ. ಸಂಗಾತಿ ವೆಂಡೆಲ್ ಫಿಲಿಪ್ಸರು ಇದನ್ನು ಒಪ್ಪದೆ ದೂರ ಸರಿದರು.

ನನ್ನ ತಕರಾರು ಇಲ್ಲಿಯೇ. ನಮ್ಮ ಮುತ್ಯಾನ ತಂದೆ ಬನಹಟ್ಟಿಯಲ್ಲಿ ಕೈಮಗ್ಗ ನೇಯುತ್ತಿದ್ದವರು, ಹೆಬ್ಬೆಟ್ಟಿನ ಮನುಷ್ಯ. ಆದರೂ 1951-52ರ ಮೊದಲ ಮಹಾಚುನಾವಣೆಯಲ್ಲಿ, ಚಿಹ್ನೆ ನೋಡಿ ಪೆಟ್ಟಿಗೆಗೆ ಮತ ಹಾಕಿ ಬಂದರಂತೆ. ಮೊದಲು ಅಕ್ಷರ, ಆಮೇಲೆ ಮತ ಎಂದು ಯಾರಾದರೂ ತಡೆದಿದ್ದರೆ, ಓದಿದವರು ನಮ್ಮ ಓಣಿಯ ಕಡೆ ಮುಖ ಮಾಡುತ್ತಿದ್ದರೇ? ನಮ್ಮ ಮನೆಗೆ ಮತ ಮೊದಲು ಬಂತು. ಶಾಲೆ ಅದರ ಹಿಂದೆ ಬಂತು. ಪದವಿ ಈಗ ಬರುತ್ತಿದೆ.

ಯುದ್ಧ ಮುಗಿಯಿತು. 1865ರ ಡಿಸೆಂಬರಿನಲ್ಲಿ ಗುಲಾಮಗಿರಿ ಕಾಯಿದೆಯಿಂದ ಅಳಿಯಿತು, ಗ್ಯಾರಿಸನ್ನರು ಪತ್ರಿಕೆಯನ್ನು ನಿಲ್ಲಿಸಿದರು. 1870ರಲ್ಲಿ ಕಪ್ಪು ಗಂಡಸರಿಗೆ ಮತದ ಹಕ್ಕು ಬಂತು. ಆದರೆ ಹಿಂಸೆಗೆ ಬೆದರಿ 1879ರಲ್ಲಿ ಸಾವಿರಾರು ಜನ ಅದೇ ಲೂಸಿಯಾನಾದಿಂದಲೂ ಮಿಸಿಸಿಪ್ಪಿಯಿಂದಲೂ ಕ್ಯಾನ್ಸಾಸಿಗೆ ಗುಳೆ ಹೊರಟರು. ಎಪ್ಪತ್ತಮೂರರ ಗ್ಯಾರಿಸನ್ನರು ರೋಗಪೀಡಿತರಾಗಿದ್ದರೂ ಏಪ್ರಿಲಿನಲ್ಲಿ ಬಾಸ್ಟನ್ನಿನ ಸಭೆಗೆ ಪತ್ರ ಬರೆದು, ಆ ಜನರ ಪೂರ್ಣ ಹಕ್ಕಿಗಾಗಿ ಗುಡುಗಿದರು. ಈ ಸಲ ಕಾಲ ಬೇಕೆಂಬ ಮಾತಿರಲಿಲ್ಲ. ಮೇ 24ರಂದು ತೀರಿಕೊಂಡರು.

ಮೊದಲ ಪತ್ರದೊಡನೆ ನನ್ನ ತಕರಾರು ಉಳಿದಿದೆ. ಎರಡನೆಯದಕ್ಕೆ ತಲೆಬಾಗುತ್ತೇನೆ.