ವಿಲ್ಹೆಲ್ಮ್ ಮೈಬಾಕ್: ಕಾರ್ಬುರೇಟರಿನ ಶಿಲ್ಪಿ

ಮೈಬಾಕ್ ಎಂಬ ಹೆಸರು ಇಂದು ಸಿರಿವಂತರ ಕಾರುಗಳ ಮೇಲೆ ಹೊಳೆಯುತ್ತದೆ. ಆದರೆ ಆ ಹೆಸರನ್ನು ಹೊತ್ತು ಬದುಕಿದ ವಿಲ್ಹೆಲ್ಮ್ ಮೈಬಾಕ್ ಸಿರಿಯಲ್ಲಿ ಹುಟ್ಟಿದವನಲ್ಲ. ಅವನು ಲೋಕಕ್ಕೆ ಕೊಟ್ಟುಹೋದ ಮುಖ್ಯ ವಸ್ತುಗಳಲ್ಲೊಂದಾದ ಕಾರ್ಬುರೇಟರೂ ವೈಭವದ್ದಲ್ಲ. ಎರಡು ಅಂಗೈಗಳಲ್ಲಿ ಹಿಡಿಯಬಹುದಾದ ಲೋಹದ ಪಾತ್ರೆ. ಇಂಜೆಕ್ಷನ್ ಪದ್ಧತಿ ಬಂದ ಮೇಲೆ ಹೊಸ ಕಾರು ಲಾರಿಗಳಿಂದ ಅದು ಮರೆಯಾಯಿತು. ಆದರೂ ದಾರಿಯಿಲ್ಲದ ನೆಲದಲ್ಲಿ ವಾಹನ ಓಡಿಸುವ ಕೆಲವರು ಹೊಸದನ್ನು ಕಳಚಿ ಹಳೆಯದನ್ನೇ ಮರಳಿ ಜೋಡಿಸಿಕೊಳ್ಳುವುದುಂಟು. ಅದಕ್ಕೆ ಕಾರಣವನ್ನು ಆ ಶಿಲ್ಪಿಯ ಬಾಳಿನಲ್ಲಿಯೂ ಅರಸಬಹುದೆಂದು ನನಗೆ ತೋರುತ್ತದೆ.

ಮೈಬಾಕ್ 1846ರ ಫೆಬ್ರವರಿ 9ರಂದು ಜರ್ಮನಿಯ ಹೈಲ್‌ಬ್ರಾನ್ನಿನಲ್ಲಿ ಬಡಗಿಯೊಬ್ಬನ ಮಗನಾಗಿ ಜನಿಸಿದನು. ಹತ್ತರ ಪ್ರಾಯಕ್ಕೆ ತಾಯಿತಂದೆಗಳಿಬ್ಬರನ್ನೂ ಕಳೆದುಕೊಂಡ ಆ ಬಾಲಕನಿಗೆ ರಾಯ್ಟ್‌ಲಿಂಗನ್ ಊರಿನಲ್ಲಿ ಗುಸ್ತಾವ್ ವೆರ್ನರ್ ಎಂಬ ಧರ್ಮಬೋಧಕನು ನಡೆಸುತ್ತಿದ್ದ ಆಶ್ರಮವೇ ಮನೆಯಾಯಿತು. ಆಶ್ರಮಕ್ಕೆ ಸೇರಿದ ಕಾರ್ಖಾನೆಯಲ್ಲಿ ಅವನು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತನು. ಅಲ್ಲಿಗೆ ಮೇಲ್ವಿಚಾರಕನಾಗಿ ಬಂದ ಗಾಟ್‌ಲೀಬ್ ಡೈಮ್ಲರನು ತನಗಿಂತ ಹನ್ನೆರಡು ವರ್ಷ ಕಿರಿಯನಾದ ಈ ಹುಡುಗನ ಕೈಚಳಕವನ್ನು ಗುರುತಿಸಿದನು. ಅಂದು ಕೂಡಿದ ನಂಟು ಡೈಮ್ಲರನು ಸಾಯುವವರೆಗೂ ಬಿಡಲಿಲ್ಲ. 1872ರಲ್ಲಿ ಡಾಯ್ಟ್ಸ್ ಕಾರ್ಖಾನೆಗೂ, 1882ರಲ್ಲಿ ಕಾನ್‌ಸ್ಟಾಟ್ ಊರಿಗೂ ಇಬ್ಬರೂ ಒಂದಾಗಿಯೇ ನಡೆದರು. ಡೈಮ್ಲರನ ತೋಟದ ಗಾಜಿನ ಮನೆಯೇ ಅವರ ಪ್ರಯೋಗಶಾಲೆ. 1885ರಲ್ಲಿ ಮರದ ಚೌಕಟ್ಟಿನ ಎರಡು ಚಕ್ರದ ಗಾಡಿಯೊಂದು ಅವರ ಎಂಜಿನ್ನಿನ ಬಲದಿಂದ ಓಡಿತು.

ಆದರೆ ಎಂಜಿನ್ನಿಗೆ ಪೆಟ್ರೋಲನ್ನು ಉಣಿಸುವ ಬಗೆ ಇನ್ನೂ ಹದಕ್ಕೆ ಬಂದಿರಲಿಲ್ಲ. ಗಾಳಿಯನ್ನು ಪೆಟ್ರೋಲಿನ ಮೇಲೆ ಹಾಯಿಸಿ ಆವಿಯನ್ನು ಪಡೆಯುತ್ತಿದ್ದರು. ಗಾಡಿ ಕುಲುಕಿದರೆ, ಚಳಿ ಹೆಚ್ಚಿದರೆ, ಮಿಶ್ರಣ ಕೆಡುತ್ತಿತ್ತು. 1893ರಲ್ಲಿ ಮೈಬಾಕ್ ಬೇರೊಂದು ಉಪಾಯವನ್ನು ಕಂಡನು. ಪಾತ್ರೆಯಲ್ಲಿ ಪೆಟ್ರೋಲು ಗೊತ್ತಾದ ಮಟ್ಟಕ್ಕೆ ಏರಿದೊಡನೆ ಅದರೊಳಗೆ ತೇಲುವ ಬುರುಡೆ ಮೇಲೆದ್ದು ಸೂಜಿಯೊಂದರಿಂದ ಒಳದಾರಿಯನ್ನು ಮುಚ್ಚುತ್ತದೆ. ಮಟ್ಟ ಇಳಿದರೆ ದಾರಿ ತೆರೆಯುತ್ತದೆ. ಎಂಜಿನ್ನು ಗಾಳಿಯನ್ನು ಸೆಳೆದುಕೊಂಡಾಗ ಆ ಸೆಳೆತಕ್ಕೇ ಕಿರುನಳಿಕೆಯಿಂದ ಪೆಟ್ರೋಲು ತುಂತುರಾಗಿ ಹೊಮ್ಮಿ ಗಾಳಿಯೊಡನೆ ಬೆರೆಯುತ್ತದೆ. ಅದೇ ವರ್ಷ ಹಂಗೆರಿಯ ಬಾಂಕಿ ಮತ್ತು ಚೋಂಕಾ ಎಂಬವರೂ ಇಂಥದೇ ಸಾಧನವನ್ನು ರೂಪಿಸಿದರೆಂಬುದನ್ನು ಇಲ್ಲಿ ನೆನೆಯುವುದು ನ್ಯಾಯ. 1896ರಲ್ಲಿ ಡೈಮ್ಲರ್ ಸಂಸ್ಥೆಯ ಮೊದಲ ಲಾರಿ ಹೊರಬಿದ್ದಿತು.

ಹೊರಗಿನ ಯಾವ ಅಪ್ಪಣೆಯನ್ನೂ ಕಾಯದೆ, ಭಾರ ಮತ್ತು ಗಾಳಿ ಎಂಬ ಎರಡು ಸಹಜಶಕ್ತಿಗಳಿಂದಲೇ ನಡೆಯುವುದು ಈ ಸಾಧನದ ಹಿರಿಮೆ. ಇದರ ಅರ್ಥ ನನಗೆ ಮನದಟ್ಟಾದುದು ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ. ತೋಟದೊಳಗೆ ಮಾತ್ರ ಓಡಾಡುವ ಪೆಟ್ರೋಲಿನ ಪುಟ್ಟ ಲಾರಿಯೊಂದರ ಇಂಜೆಕ್ಟರುಗಳನ್ನೂ ಸೆನ್ಸರುಗಳನ್ನೂ ಮೇಸ್ತ್ರಿಯೊಬ್ಬರು ಬಿಚ್ಚಿ ಕಾರ್ಬುರೇಟರನ್ನು ಕೂರಿಸುತ್ತಿದ್ದರು. ಇಂಜೆಕ್ಷನ್ನಿನ ಪಂಪು ಪೆಟ್ರೋಲನ್ನು ಬಲವಾಗಿ ನೂಕುತ್ತದೆ. ಆ ಒತ್ತಡವನ್ನು ಬುರುಡೆಯ ಸೂಜಿ ತಡೆಯಲಾರದು. ಆದುದರಿಂದ ಮೆಲ್ಲಗೆ ನೂಕುವ ಪಂಪು ಬೇಕು. ಕಿಡಿಯ ಕಾಲವನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ನಿಶ್ಚಯಿಸುತ್ತಿದ್ದರೆ ಅದಕ್ಕೂ ಬೇರೆ ಏರ್ಪಾಡು ಬೇಕು. ಕಿಡಿಯಿಲ್ಲದೆ ಉರಿಯುವ ಡೀಸೆಲ್ ಲಾರಿಗೆ ಈ ಚಿಕಿತ್ಸೆ ಒಗ್ಗುವುದೇ ಇಲ್ಲ. ನಷ್ಟವೂ ಉಂಟು: ಪೆಟ್ರೋಲು ಹೆಚ್ಚು ಉರಿಯುತ್ತದೆ, ಕಡಿದಾದ ಓರೆಯಲ್ಲಿ ಬುರುಡೆ ವಾಲಿ ಎಂಜಿನ್ನು ನಿಲ್ಲಬಹುದು, ಹೊಗೆಯ ನಿಯಮಗಳಿರುವ ರಸ್ತೆಗೆ ಇದು ಸಲ್ಲದು. ಇಷ್ಟಾದರೂ ಅದನ್ನು ಅಪೇಕ್ಷಿಸುವುದೇಕೆ? ಕೆಟ್ಟರೆ ಮರದ ನೆರಳಿನಲ್ಲಿ ಕುಳಿತು, ತಿರುಪುಳಿಯಿಂದ ಬಿಚ್ಚಿ, ನಳಿಕೆಯನ್ನು ಊದಿ, ಮತ್ತೆ ಹೊರಡಬಹುದು. ತನ್ನ ಕೈಗೂ ಕಣ್ಣಿಗೂ ನಿಲುಕುವ ಯಂತ್ರವನ್ನು ಮನುಷ್ಯ ನಂಬುತ್ತಾನೆ.

1900ರಲ್ಲಿ ಡೈಮ್ಲರನು ತೀರಿಕೊಂಡನು. ಅದೇ ವರ್ಷದ ಕೊನೆಗೆ ಮೈಬಾಕ್ ರೂಪಿಸಿದ 35 ಅಶ್ವಶಕ್ತಿಯ ಕಾರು ಸಿದ್ಧವಾಯಿತು. ಅದಕ್ಕೆ ಇಟ್ಟ ಹೆಸರು ಅದನ್ನು ಕೊಂಡ ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿಯ ಮಗಳದು, ಮರ್ಸಿಡಿಸ್. ಸಂಸ್ಥೆಗೆ ಡೈಮ್ಲರನ ಹೆಸರು, ಕಾರಿಗೆ ಯೆಲಿನೆಕನ ಮಗಳ ಹೆಸರು. ನಕ್ಷೆ ಮಾತ್ರ ಮೈಬಾಕನದು. 1907ರಲ್ಲಿ ಅವನು ಆ ಸಂಸ್ಥೆಯನ್ನು ತೊರೆದನು. 1909ರಿಂದ ಮಗ ಕಾರ್ಲನೊಡನೆ ಜೆಪೆಲಿನ್ ವಾಯುನೌಕೆಗಳ ಎಂಜಿನ್ನುಗಳಿಗಾಗಿ ದುಡಿದನು. ಸ್ಟುಟ್‌ಗಾರ್ಟಿನ ಬಾಷ್ ಸಂಸ್ಥೆ 1927ರಲ್ಲಿ ಡೀಸೆಲ್ ಇಂಜೆಕ್ಷನ್ ಪಂಪುಗಳ ತಯಾರಿಕೆಯನ್ನು ಆರಂಭಿಸಿದಾಗ ಅವನಿನ್ನೂ ಬದುಕಿದ್ದನು. 1950ರ ದಶಕದಲ್ಲಿ ಆ ಸಂಸ್ಥೆಯ ನಂಟಿನಿಂದಲೇ ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಎದ್ದಿತು. ಕಾರ್ಬುರೇಟರೂ ಅದನ್ನು ಹಿಂದಿಕ್ಕಿದ ವಿದ್ಯೆಯೂ ಹೀಗೆ ಒಂದೇ ಸೀಮೆಯಲ್ಲಿ ಬೆಳೆದವು.

1929ರ ಡಿಸೆಂಬರ್ 29ರಂದು ಮೈಬಾಕ್ ಕಣ್ಮುಚ್ಚಿದನು. ಡೈಮ್ಲರನು ಮಲಗಿರುವ ಕಾನ್‌ಸ್ಟಾಟಿನ ಸ್ಮಶಾನದಲ್ಲಿಯೇ ಅವನಿಗೂ ನೆಲೆ ದೊರೆಯಿತು. ದಿಕ್ಕಿಲ್ಲದ ಬಾಲ್ಯದಲ್ಲಿ ಅವನಿಗೆ ಆಸರೆಯಾದುದು ಕೈಯಲ್ಲಿದ್ದ ವಿದ್ಯೆ. ದಾರಿಯಿಲ್ಲದ ನೆಲದಲ್ಲಿ ಕೆಟ್ಟು ನಿಂತವನಿಗೆ ಆಸರೆಯಾಗುವುದೂ ಅದೇ ಅಲ್ಲವೆ?