ಶಿಶುಗಳ ಹಿತೈಷಿಣಿ ಮಾರ್ಗರೆಟ್ ಮ್ಯಾಕ್‌ಮಿಲನ್

ಮೊದಲ ಮಳೆ ಬಿದ್ದ ಸಂಜೆ ನಮ್ಮ ಮರಳೂರಿನ ಮನೆಗಳಲ್ಲಿ ನಡೆಯುವ ಜಗಳವನ್ನು ನಾವೆಲ್ಲರೂ ಬಲ್ಲೆವು. ಮಗುವು ಅಂಗಳದ ಕೆಸರಿಗೆ ಇಳಿಯುವುದು. ತಾಯಿಯು ಒಗೆದ ಬಟ್ಟೆಯನ್ನು ನೆನೆದು ಗದರುವಳು. ಈ ಜಗಳದಲ್ಲಿ ಇಬ್ಬರ ಪಕ್ಷವನ್ನೂ ವಹಿಸಿದ ಮಹಿಳೆಯೊಬ್ಬಳ ಚರಿತ್ರೆಯನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆ ಇಡಬಯಸುತ್ತೇವೆ.

ಮಾರ್ಗರೆಟ್ ಮ್ಯಾಕ್‌ಮಿಲನ್ 1860ನೆಯ ಇಸವಿಯಲ್ಲಿ ಅಮೆರಿಕಾದ ನ್ಯೂಯಾರ್ಕ್ ಪ್ರಾಂತದಲ್ಲಿ ಸ್ಕಾಟ್ಲೆಂಡಿನ ದಂಪತಿಗಳಿಗೆ ಜನಿಸಿದಳು. 1865ರಲ್ಲಿ ತಂದೆಯೂ ಪುಟ್ಟ ತಂಗಿಯೂ ತೀರಿಕೊಳ್ಳಲು, ತಾಯಿಯು ಉಳಿದ ಇಬ್ಬರು ಹೆಣ್ಣುಮಕ್ಕಳೊಡನೆ ಇನ್ವರ್ನೆಸ್ಸಿನ ತವರಿಗೆ ಹಿಂದಿರುಗಿದಳು. ಜ್ವರದಿಂದ ಮಾರ್ಗರೆಟ್ಟಳ ಕಿವಿಗಳು ಮಂದವಾಗಿ, ಹದಿನಾಲ್ಕನೆಯ ವಯಸ್ಸಿನವರೆಗೆ ಅವಳಿಗೆ ಕೇಳಿಸುತ್ತಿರಲಿಲ್ಲ. ಇಂತಹ ಬಾಲ್ಯವನ್ನು ಕಳೆದವಳು ಮುಂದೆ ಇಂದ್ರಿಯಗಳನ್ನೇ ಶಿಶುವಿನ ಮೊದಲ ಗುರುಗಳೆಂದು ಎಣಿಸಿದುದರಲ್ಲಿ ನಮಗೆ ಆಶ್ಚರ್ಯವೇನೂ ತೋರದು.

1893ರಲ್ಲಿ ಈಕೆಯು ಗಿರಣಿಗಳ ಊರಾದ ಬ್ರಾಡ್‌ಫರ್ಡಿಗೆ ಹೋಗಿ, ಮರುವರ್ಷವೇ ಅಲ್ಲಿನ ಶಾಲಾಮಂಡಲಿಗೆ ಚುನಾಯಿತಳಾದಳು. ಬಡಮಕ್ಕಳ ಕೊಳೆಯನ್ನೂ ಹಸಿವನ್ನೂ ಕಂಡು, ಶಾಲೆಯಲ್ಲಿ ಸ್ನಾನಗೃಹವೂ ಊಟವೂ ಬೇಕೆಂದು ಹೋರಾಡಿದಳು. ಶಾಲೆಯ ಊಟಕ್ಕೆ ಅವಕಾಶ ಕೊಟ್ಟ ಕಾನೂನು 1906ರಲ್ಲಿ ಹೊರಟಿತು.

ಬಳಿಕ ಅಕ್ಕ ರೇಚೆಲಳೊಡನೆ ಲಂಡನ್ನಿನ ಡೆಪ್ಟ್‌ಫರ್ಡ್ ಎಂಬ ಬಡವರ ಕೇರಿಯಲ್ಲಿ 1910ರಲ್ಲಿ ಮಕ್ಕಳ ಚಿಕಿತ್ಸಾಲಯವನ್ನು ತೆರೆದಳು. ಅಲ್ಲಿ ಗುಣಹೊಂದಿದ ಮಕ್ಕಳು ಅವವೇ ಕತ್ತಲೆಯ ಕೋಣೆಗಳಿಗೆ ಹೋಗಿ ಮತ್ತೆ ರೋಗಿಗಳಾಗಿ ಬರುತ್ತಿದ್ದರು. ಔಷಧಕ್ಕಿಂತ ಗಾಳಿಬಿಸಿಲುಗಳೇ ಬೇಕೆಂದು ಕಂಡ ಸೋದರಿಯರು 1914ರಲ್ಲಿ ಬಯಲು ಶಿಶುಶಾಲೆಯನ್ನು ಸ್ಥಾಪಿಸಿದರು. ಅಲ್ಲಿ ಕಟ್ಟಡಗಳೆಂದರೆ ಒಂದು ಪಕ್ಕ ತೆರೆದ ಚಪ್ಪರಗಳು. ನಿಜವಾದ ಪಾಠಶಾಲೆಯು ತೋಟವೇ. ಮೂಸಿನೋಡಲು ಪರಿಮಳದ ಗಿಡಗಳು, ಅಗೆಯಲು ಮಣ್ಣು, ಸುರಿಯಲು ಮರಳು, ಎರಚಲು ನೀರು. ಇದರ ಮೇಲೆ, ಅಂದವಾದ ತೋಟದ ಜೊತೆಗೆ ಒಂದು ಕಸದ ಗುಡ್ಡೆಯೂ ಮಕ್ಕಳಿಗೆ ಬೇಕೆಂಬುದು ಈಕೆಯ ಮತ! ಕಲ್ಲು, ಹಳೆಯ ಡಬ್ಬ, ಒಡಕು ಪಾತ್ರೆಗಳನ್ನು ಹುಡುಕಿ ಆಡುವ ಮಗುವು ಅಂದವಾದ ಆಟಿಕೆಗಳಿಂದ ತೃಪ್ತಿಗೊಳ್ಳದೆಂದು ಆಕೆಯು ಕಂಡುಕೊಂಡಿದ್ದಳು.

ಹಾಗೆಂದು ಶುಚಿತ್ವವನ್ನು ಬಿಟ್ಟವಳಲ್ಲ. ಬಂದ ಮಕ್ಕಳಿಗೆ ಸ್ನಾನ ಮಾಡಿಸಿ, ಆಟಕ್ಕೆ ತಕ್ಕ ಮೇಲಂಗಿ ತೊಡಿಸಿ, ಊಟವಿಕ್ಕಿ ಮಲಗಿಸುವುದು ದಿನಚರಿಯಾಗಿತ್ತು. ತೊಳೆಯಲು ನೀರಿದ್ದಲ್ಲಿ ಕೆಸರಿಗೆ ಏಕೆ ಅಂಜಬೇಕು? ನಮ್ಮ ದೇಶದಲ್ಲಿ 1975ರಿಂದ ನಡೆದುಬಂದಿರುವ ಅಂಗನವಾಡಿಗಳ ಹೆಸರಿನಲ್ಲಿಯೂ ಅಂಗಳವೇ ಇದೆ. ಮಣ್ಣಿನ ಅಂಗಳವು ಎಷ್ಟಕ್ಕಿದೆಯೆಂಬುದು ಬೇರೆ ಮಾತು.

ಮಹಾಯುದ್ಧದ ನಡುವೆ, 1917ರ ಮಾರ್ಚಿ ತಿಂಗಳಲ್ಲಿ, ರೇಚೆಲಳು ತೀರಿಕೊಂಡಳು. ಮಾರ್ಗರೆಟ್ಟಳು ಶಾಲೆಗೆ ಅಕ್ಕನ ಹೆಸರನ್ನಿಟ್ಟು ಒಬ್ಬಳೇ ನಡೆಸಿದಳು. ಶಿಶುಶಾಲೆಗಳ ಉಪಾಧ್ಯಾಯಿನಿಯರ ತರಬೇತಿಗಾಗಿ 1930ರಲ್ಲಿ ತೆರೆದ ಕಾಲೇಜಿಗೂ ಅಕ್ಕನದೇ ಹೆಸರು. ಅದರ ಮರುವರ್ಷ, 1931ರಲ್ಲಿ, ಈಕೆಯು ದೈವಾಧೀನಳಾದಳು.